ಬೆಂಗಳೂರೋ ಹೈದರಾಬಾದೋ ಅನ್ನೋದು ಆಮೇಲೆ, ಮೊದಲು ಡಬ್ಬಿ ಮೇಲಿನ ಎಂಆರ್‌ಪಿ ನೋಡಿ

ನೀವಿರೋದು ದುಬೈನ ಅಡುಗೆಮನೆ ಸಾಮಾನಿನ ಕಂಪನಿಯಲ್ಲಿ ಅಂತ ಬರೆದಿದ್ದೀರಿ. ಮಾಲೀಕರು ನಿಮ್ಮನ್ನು ಕರೆದು ಇಂಡಿಯಾದಲ್ಲಿ ಅಂಗಡಿ ತೆರೆಯೋ ಪ್ಲಾನ್ ಮಾಡು ಅಂದಿದ್ದಾರೆ. ಮೊದಲ ಅಂಗಡಿ ಬೆಂಗಳೂರಲ್ಲಾ, ಹೈದರಾಬಾದಲ್ಲಾ ಅಂತ ನಿಮ್ಮ ಪ್ರಶ್ನೆ. ಓದುತ್ತಿದ್ದ ಹಾಗೆ 2012ರ ನನ್ನ ಕತೆಯೇ ನೆನಪಾಯಿತು.

ಆಗ ನನಗೆ 31 ವರ್ಷ. ಯುರೋಪಿನ ಒಂದು ಕಂಪನಿ. ಗಾಜಿನ ಡಬ್ಬಿ, ಕಪ್-ಸಾಸರು, ಬಾಣಲೆ, ಎಲ್ಲಾ ಅವರದೇ ಬ್ರಾಂಡ್. ಶೇ 51 ಅವರದು, ಶೇ 49 ಇಲ್ಲಿನ ಪಾಲುದಾರರದು. ಬೆಂಗಳೂರಿನ ಮಾಲ್ ಒಂದರಲ್ಲಿ ಮೊದಲ ಅಂಗಡಿ, ಅದನ್ನು ಕಟ್ಟಿ ನಿಲ್ಲಿಸೋ ಜವಾಬ್ದಾರಿ ಪೂರ್ತಿ ನನ್ನದು. ಅದೇ ವರ್ಷ ಜನವರಿಯಲ್ಲಿ ಸರ್ಕಾರ ಒಂದೇ ಬ್ರಾಂಡ್ ಮಾರುವ ಅಂಗಡಿಗಳಿಗೆ ಶೇ 100 ವಿದೇಶಿ ಹೂಡಿಕೆಗೆ ಅವಕಾಶ ಕೊಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಹಲವು ಬ್ರಾಂಡ್ ಮಾರುವವರಿಗೆ ಶೇ 51 ಅಂದಿತು. ಎಲ್ಲರ ಬಾಯಲ್ಲೂ ಅದೇ ಮಾತು. ಯಾವ ಊರು, ಯಾವ ಮಾಲ್, ಎಷ್ಟು ಚದರಡಿ. ನಾನೂ ಮೂರು ತಿಂಗಳು ಅದನ್ನೇ ಲೆಕ್ಕ ಹಾಕಿದೆ. ನಮ್ಮನ್ನು ಮುಳುಗಿಸಿದ್ದು ಊರೂ ಅಲ್ಲ, ಮಾಲೂ ಅಲ್ಲ.

ಅಕ್ಟೋಬರ್‌ನಲ್ಲಿ ಅಂಗಡಿ ತೆರೆದೆವು. ಹೊರದೇಶದಿಂದ ಬರುವ ಪ್ಯಾಕೆಟ್ ಮಾಲಿನ ಮೇಲೆ ಆಮದುದಾರರ ಹೆಸರು, ವಿಳಾಸ, ಒಳಗಿರುವುದು ಎಷ್ಟು, ತಿಂಗಳು-ವರ್ಷ, ದೂರು ಹೇಳಲು ಫೋನ್ ನಂಬರ್, ಜೊತೆಗೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಇರಲೇಬೇಕು. ಮೊದಲ ಕಂಟೇನರ್ ಇದ್ಯಾವುದೂ ಇಲ್ಲದೆ ಬಂತು. ಕಸ್ಟಮ್ಸ್ ಬಿಡಲಿಲ್ಲ. ವೈಟ್‌ಫೀಲ್ಡ್‌ನ ಬಾಂಡೆಡ್ ಗೋದಾಮಿನಲ್ಲಿ (ಸುಂಕ ಕಟ್ಟುವವರೆಗೂ ಆಮದು ಮಾಲು ಇಡುವ ಜಾಗ) ಆರು ಜನರನ್ನು ಕೂರಿಸಿ ಒಂದೊಂದೇ ಡಬ್ಬಿಗೆ ಸ್ಟಿಕ್ಕರ್ ಅಂಟಿಸಿದೆವು. ಹನ್ನೊಂದು ದಿನ ಹಿಡಿಯಿತು. ನಾನೂ ಅವರ ಜೊತೆ ನೆಲದ ಮೇಲೆ ಕೂತು ಅಂಟಿಸಿದ್ದೇನೆ. ಬೆರಳ ತುದಿಗೆ ಗೋಂದು ಹತ್ತಿ, ಊಟ ಮಾಡುವಾಗ ಅನ್ನಕ್ಕೂ ಅದೇ ವಾಸನೆ. ಗೋದಾಮಿನ ಬಾಡಿಗೆ, ಕೂಲಿ ಎಲ್ಲ ಸೇರಿ ಕೈ ಸುಟ್ಟಿತು. ಆದರೂ ದೀಪಾವಳಿಗೆ ಮಾಲು ಚೆನ್ನಾಗಿ ಹೋಯಿತು. ಎಲ್ಲರಿಗೂ ಧೈರ್ಯ ಬಂತು.

2013ರ ಜನವರಿಯಲ್ಲಿ ಒಂಬತ್ತು ತಿಂಗಳಿಗಾಗುವಷ್ಟು ಆರ್ಡರ್ ಹಾಕಿದೆವು. ಆ ಹನ್ನೊಂದು ದಿನ ಮತ್ತೆ ಬೇಡ ಅಂತ ನಾನು ಒಂದು ಉಪಾಯ ಮಾಡಿದೆ. ಎಂಆರ್‌ಪಿಯನ್ನು ಫ್ಯಾಕ್ಟರಿಯಲ್ಲೇ ಡಬ್ಬಿ ಮೇಲೆ ಅಚ್ಚು ಹಾಕಿಸಿಬಿಡೋಣ. ಸ್ಟಿಕ್ಕರ್ ಖರ್ಚಿಲ್ಲ, ಗೋದಾಮಿನಲ್ಲಿ ಕಾಯೋದಿಲ್ಲ. 340 ಐಟಂ, 340 ಬೆಲೆ, ಒಂದು ಎಕ್ಸೆಲ್ ಶೀಟ್. ಡಾಲರ್ ಆಗ 54 ರೂಪಾಯಿ. ಆ ಲೆಕ್ಕದಲ್ಲಿ ಬೆಲೆ ಹಾಕಿ ಕಳಿಸಿದೆ.

ನಾನು ಮಾಡಿದ ತಪ್ಪು ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಈ ಭಾಗವನ್ನು ಯಾರೂ ಹೇಳಿಕೊಡುವುದಿಲ್ಲ.

ಮೂರು ಗಾಜಿನ ಡಬ್ಬಿಗಳ ಒಂದು ಸೆಟ್ ತಗೊಳ್ಳಿ. ಮಾಲು, ಹಡಗಿನ ಖರ್ಚು ಸೇರಿ 4 ಡಾಲರ್, ಅಂದರೆ 216 ರೂಪಾಯಿ. ಸುಂಕ, ಕ್ಲಿಯರಿಂಗ್ 70. ಒಟ್ಟು 286. ಎಂಆರ್‌ಪಿ 499. ಅದರಲ್ಲಿ ಆಗಿನ ವ್ಯಾಟ್ ಕಳೆದರೆ ಕೈಗೆ ಸುಮಾರು 436. ಮಾಲ್ ಬಾಡಿಗೆ, ಸಂಬಳ, ಕರೆಂಟು ಅಂತ ಒಂದು ಸೆಟ್‌ಗೆ 110 ಹೋಗುತ್ತಿತ್ತು. ಉಳಿತಾಯ 40 ರೂಪಾಯಿ.

ಮಾಲು ಮೇ ಮೊದಲ ವಾರ ಹಡಗು ಹತ್ತಿತು. ದುಡ್ಡು ಕಟ್ಟಲು 120 ದಿನ ಟೈಮು. ಮೇ ಕೊನೆಯಿಂದ ರೂಪಾಯಿ ಕುಸಿಯಲು ಶುರು. ಆಗಸ್ಟ್ 28ಕ್ಕೆ ಡಾಲರ್ 68 ದಾಟಿತು. ಸೆಪ್ಟೆಂಬರ್ ಮೊದಲ ವಾರ ನಾವು ದುಡ್ಡು ಕಟ್ಟುವಾಗ 66ರ ಆಸುಪಾಸು. ಅದೇ 4 ಡಾಲರ್ ಈಗ 264. ಸುಂಕವೂ ಏರಿ 75. ಒಟ್ಟು 339. 436ರಲ್ಲಿ ಇದನ್ನೂ, 110ನ್ನೂ ಕಳೆಯಿರಿ. ಒಂದು ಸೆಟ್ ಮಾರಿದರೆ 13 ರೂಪಾಯಿ ಕೈಯಿಂದ. ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ.

ಹಾಗಾದರೆ ಬೆಲೆ ಏರಿಸಿ ಅಂತೀರಿ. ಮುಖ್ಯ ಕಚೇರಿಯವರೂ ಅದನ್ನೇ ಅಂದರು. ಅವರ ದೇಶದಲ್ಲಿ ಬೆಲೆ ಇರುವುದು ಶೆಲ್ಫ್ ಮೇಲಿನ ಚೀಟಿಯಲ್ಲಿ. ಬೆಳಿಗ್ಗೆ ಬದಲಾಯಿಸಿದರೆ ಮುಗಿಯಿತು. ನಮ್ಮಲ್ಲಿ ಬೆಲೆ ಇರುವುದು ಡಬ್ಬಿ ಮೇಲೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ಅಪರಾಧ. ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿ ಏರಿಸುವ ಹಾಗೂ ಇಲ್ಲ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ ಬೆಲೆ ಇಳಿಸಲು ಮಾತ್ರ ಸ್ಟಿಕ್ಕರ್ ಹಾಕಬಹುದು, ಅದೂ ಹಳೇ ಬೆಲೆ ಮುಚ್ಚದ ಹಾಗೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೆಲವು ತಿಂಗಳು ಬೆಲೆ ತಿದ್ದಲು ಸರ್ಕಾರವೇ ಅವಕಾಶ ಕೊಟ್ಟಿತ್ತು. ರೂಪಾಯಿ ಬಿತ್ತು ಅಂತ ಯಾರೂ ಕೊಡುವುದಿಲ್ಲ. ಇದನ್ನು ಮುಖ್ಯ ಕಚೇರಿಗೆ ಅರ್ಥ ಮಾಡಿಸಲು ಮೂರು ಸಲ ಫೋನಲ್ಲಿ ಮಾತಾಡಬೇಕಾಯಿತು. ನಾನು ಕತೆ ಕಟ್ಟುತ್ತಿದ್ದೇನೆ ಅಂತಲೇ ಅವರಿಗೆ ಅನುಮಾನ. ಕೊನೆಗೆ ನಿಯಮದ ಪ್ರತಿಯನ್ನೇ ಕಳಿಸಿದೆ.

ರೂಪಾಯಿ ಬೀಳುತ್ತೆ ಅಂತ ನನಗೆ ಗೊತ್ತಿರಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಜಾಗ ಬಿಡಬೇಕಿತ್ತು. ಸ್ಟಿಕ್ಕರ್ ಗೋದಾಮಿನಲ್ಲೇ ಅಂಟಿಸಿದ್ದರೆ ಕೊನೇ ಗಳಿಗೆವರೆಗೂ ಬೆಲೆ ನನ್ನ ಕೈಯಲ್ಲಿರುತ್ತಿತ್ತು. ಬ್ಯಾಂಕಿನಲ್ಲಿ ಡಾಲರಿಗೆ ಫಾರ್ವರ್ಡ್ ಕವರ್, ಅಂದರೆ ಮುಂದೆ ಕೊಳ್ಳುವ ಡಾಲರಿನ ದರ ಮೊದಲೇ ಗೊತ್ತು ಮಾಡಿಕೊಳ್ಳುವ ಒಪ್ಪಂದ, ತಗೊಂಡಿದ್ದರೆ ಹೊಡೆತ ಕಡಿಮೆಯಾಗುತ್ತಿತ್ತು. ಕನಿಷ್ಠ ಆರ್ಡರನ್ನು ಮೂರು ಭಾಗ ಮಾಡಿದ್ದರೂ ಸಾಕಿತ್ತು. ಡಬ್ಬಿಗೆ ಎರಡು ರೂಪಾಯಿ ಉಳಿಸಲು ಹೋಗಿ ಒಂಬತ್ತು ತಿಂಗಳ ಬೆಲೆಯನ್ನು ಕಲ್ಲಿನ ಮೇಲೆ ಕೆತ್ತಿಸಿಬಿಟ್ಟೆ.

ಆ ದೀಪಾವಳಿ ಹೊತ್ತಿಗೆ ಬೇಗ ಖಾಲಿಯಾದ ಕೆಲವು ಐಟಂ ಹೊಸ ಬೆಲೆಗೆ ಬಂದವು. ಒಬ್ಬರು ಅಮ್ಮ, ಅರವತ್ತು ದಾಟಿರಬೇಕು, ಎರಡೂ ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು ತಳ ತಿರುಗಿಸಿ ನೋಡಿದರು. ಹೆಬ್ಬೆರಳಲ್ಲಿ ಎಂಆರ್‌ಪಿ ಇರೋ ಜಾಗ ಸವರಿದರು. "ಏನಪ್ಪಾ, ಅದೇ ಡಬ್ಬಿ, ಅದೇ ಅಳತೆ. ಇದು 499, ಇದು 649. ಇದ್ರಲ್ಲಿ ಏನು ಜಾಸ್ತಿ ಇದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೇದು ಎರಡು ಸೆಟ್ ತಗೊಂಡು ಹೋದರು. ನಮಗೆ 26 ರೂಪಾಯಿ ನಷ್ಟ, ಅವರ ಕಣ್ಣಲ್ಲಿ ನಾವು ಮೋಸಗಾರರು. ಎರಡನೇದು ನನಗೆ ಇವತ್ತಿಗೂ ನೋವು. 2015ರಲ್ಲಿ ಅಂಗಡಿ ಮುಚ್ಚಿತು. 22 ಜನ ಹುಡುಗ ಹುಡುಗಿಯರಿಗೆ ನಾನೇ ಹೇಳಬೇಕಾಯಿತು.

ಇನ್ನು ನಿಮ್ಮ ವಿಷಯ. ಊರು ಯಾವುದು ಅನ್ನೋ ಪ್ರಶ್ನೆಯೇ ಈಗ ಬೇಡ. ನಿಮ್ಮ ಅಂಗಡಿಯಲ್ಲಿ 40 ಬ್ರಾಂಡ್ ಸಿಗುತ್ತೆ ಅಂತ ಬರೆದಿದ್ದೀರಿ, ಜೊತೆಗೆ "ಈಗ ಶೇ 100 ಓಪನ್ ಅಲ್ವಾ" ಅಂದಿದ್ದೀರಿ. ಅಲ್ಲ. ಶೇ 100 ಇರುವುದು ಒಂದೇ ಬ್ರಾಂಡ್ ಮಾರುವವರಿಗೆ, ಅದರಲ್ಲೂ ವಿದೇಶಿ ಪಾಲು ಶೇ 51 ದಾಟಿದರೆ ಖರೀದಿಯ ಶೇ 30 ಭಾರತದಿಂದಲೇ ಆಗಬೇಕು. 40 ಬ್ರಾಂಡ್ ಅಂದರೆ ಶೇ 51ರ ಮಿತಿ, ಸರ್ಕಾರದ ಅನುಮತಿ, ರಾಜ್ಯದ ಒಪ್ಪಿಗೆ, ಕನಿಷ್ಠ 10 ಕೋಟಿ ಡಾಲರ್ ಹೂಡಿಕೆ. ಆ ದಾರಿಯಲ್ಲಿ ಅನುಮತಿ ಪಡೆದು ಬಂದದ್ದು ಬ್ರಿಟನ್ನಿನ ಟೆಸ್ಕೊ, ಟಾಟಾದವರ ಟ್ರೆಂಟ್ ಕಂಪನಿ ಜೊತೆ ಅರ್ಧರ್ಧ ಪಾಲಿನಲ್ಲಿ. ನಿಮ್ಮ ಮಾಲೀಕರ ಹತ್ತಿರ ಅಷ್ಟು ದುಡ್ಡಿದೆಯಾ?

ಇಲ್ಲದಿದ್ದರೆ ಸಗಟಿನಿಂದ ಶುರು ಮಾಡಿ. ಕ್ರೀಡಾ ಸಾಮಾನಿನ ಡೆಕಾಥ್ಲಾನ್ 2009ರಲ್ಲಿ ಸರ್ಜಾಪುರ ರಸ್ತೆಯಲ್ಲಿ ಸಗಟು ಅಂಗಡಿಯಾಗಿಯೇ ಬಂದು, 2013ರಲ್ಲಿ ಚಿಲ್ಲರೆಗೆ ಅನುಮತಿ ಪಡೆಯಿತು. ಆ ಹೊತ್ತಿಗೆ ಇಲ್ಲಿನ ಜನ ಏನು ಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತಾಗಿತ್ತು. ನೇರ ಚಿಲ್ಲರೆಗೆ ಬಂದವರಿಗೂ ವರ್ಷಗಟ್ಟಲೆ ಹಿಡಿಯಿತು. ಪೀಠೋಪಕರಣದ ಇಕಿಯಾ 2012ರಲ್ಲಿ ಅರ್ಜಿ ಹಾಕಿ ಹೈದರಾಬಾದಲ್ಲಿ ತೆರೆದದ್ದು 2018ರಲ್ಲಿ, ನಮ್ಮ ನಾಗಸಂದ್ರಕ್ಕೆ ಬಂದದ್ದು 2022ರಲ್ಲಿ. ಫ್ರಾನ್ಸಿನ ಕಾರ್ಫೂರ್ 2010ರಲ್ಲಿ ದೆಹಲಿಯಲ್ಲಿ ಸಗಟು ಅಂಗಡಿ ತೆರೆದು 2014ರಲ್ಲಿ ದೇಶವನ್ನೇ ಬಿಟ್ಟಿತು. ಹಾಗಾಗಿ ಸಗಟು ಅಂದರೆ ಗೆಲುವು ಖಚಿತ ಅಂತ ಅಲ್ಲ. ಆದರೆ ಸಣ್ಣದಾಗಿ ಇಟ್ಟುಕೊಂಡರೆ ಕಲಿಯುವ ಖರ್ಚು ಕಡಿಮೆ. ಆರು ತಿಂಗಳಲ್ಲಿ ಅಂಗಡಿ ಅಂತ ಮಾಲೀಕರು ಹೇಳಿದ್ದರೆ ಇವತ್ತೇ ಆಗಲ್ಲ ಅನ್ನಿ.

ಮಾಲಿನ ಪಟ್ಟಿಯನ್ನೂ ಒಂದು ಸಲ ಜಾಲಾಡಿ. ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಬೇಕು. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೂ 2024ರಲ್ಲಿ ಆದೇಶ ಹೊರಡಿಸಿದರು. ಆ ಗುರುತು ಬೇಕು ಅಂದರೆ ಮಾಲು ತಯಾರಾಗುವ ಫ್ಯಾಕ್ಟರಿಗೇ ಲೈಸೆನ್ಸ್ ಆಗಬೇಕು, ನೀವು ಇಲ್ಲಿ ಕೂತು ಮಾಡುವ ಕೆಲಸವಲ್ಲ. ಸ್ಟೀಲ್ ಪಾತ್ರೆ ಇಲ್ಲೇ ಕೊಂಡು ನಿಮ್ಮ ಬ್ರಾಂಡ್ ಹಾಕುವುದು ಲೇಸು ಅಂತ ನನ್ನ ಖಚಿತ ಅಭಿಪ್ರಾಯ. ಚಿಕ್ಕಪೇಟೆಯಲ್ಲಿ ತೂಕಕ್ಕೆ ಪಾತ್ರೆ ಕೊಳ್ಳುವ ಜನ ಇಲ್ಲಿಯವರು. ಸ್ಟೀಲಿನ ಬೆಲೆ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಬೋರ್ಡು ಕನ್ನಡದಲ್ಲಿ ಹಾಕಿಸಿ. 2024ರ ಕಾನೂನಿನಂತೆ ಶೇ 60 ಕನ್ನಡ ಇರಲೇಬೇಕು. ಮುಖ್ಯ ಕಚೇರಿಯ ಡಿಸೈನ್ ನಿಯಮ ಬಿಡಲ್ಲ ಅಂತಾರೆ, ನೋಡಿ ಬೇಕಾದರೆ. ಅವರ ಜೊತೆ ಈ ಜಗಳ ಮೊದಲೇ ಮಾಡಿ. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಜನರ ಊರಲ್ಲಿ ಅಂಗಡಿ ಇಟ್ಟು ಅವರ ಅಕ್ಷರ ಬೇಡ ಅಂದರೆ ಹೇಗೆ?

ನಿಮ್ಮ ಕಂಪನಿಯ ಯಾವುದಾದರೂ ಡಬ್ಬಿಯ ಹಿಂಭಾಗದ ಫೋಟೋ ಇದ್ದರೆ ಇಲ್ಲೇ ಕೆಳಗೆ ಹಾಕಿ. ಏನೇನು ಬಿಟ್ಟುಹೋಗಿದೆ ಅಂತ ನೋಡಿ ಹೇಳುತ್ತೇನೆ.