ಖಾಸಗಿ ಪಾರ್ಕಿಂಗ್‌ನವರು ಕೇಳುವ ದಂಡ ಕಟ್ಟಬೇಕಾ? ಮೊದಲು ಆ ಚೀಟಿಯ ಫೋಟೊ ತೆಗೆಯಿರಿ

ಪಾರ್ಕಿಂಗ್ ಚೀಟಿ ಇನ್ನೂ ನಿಮ್ಮ ಹತ್ತಿರಾನೇ ಇದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಈಗಲೇ ಎದ್ದು ಅದರ ಎರಡೂ ಕಡೆ ಫೋಟೊ ತೆಗೆದು ಬನ್ನಿ. ಆ ಕಾಗದದ ಅಕ್ಷರ ಬೇಗ ಮಾಸಿಹೋಗುತ್ತದೆ. ಉಳಿದದ್ದು ಆಮೇಲೆ ಓದಬಹುದು.

ನೀವು ಬರೆದಿರುವುದು ಇದು: ಕಾಂಪ್ಲೆಕ್ಸ್‌ನ ಬೇಸ್‌ಮೆಂಟಿನಲ್ಲಿ ಬೇರೆಯವರ ಜಾಗದಲ್ಲಿ ಕಾರು ನಿಲ್ಲಿಸಿದ್ದು, ಸಾವಿರ ರೂಪಾಯಿ ಕೇಳಿದ್ದು, ದುಡ್ಡಿಲ್ಲ ಅಂದಾಗ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಇಟ್ಟುಕೊಂಡು ಕಾರು ಬಿಟ್ಟಿದ್ದು, ಈಗ ಎರಡು ದಿನದಲ್ಲಿ ಕಟ್ಟದಿದ್ದರೆ ಪೊಲೀಸ್ ಕೇಸ್ ಅಂತ ವಾಟ್ಸಾಪ್ ಕಳಿಸಿರುವುದು. ಕಟ್ಟಿಬಿಡಲಾ, ಕೋರ್ಟಿಗೆ ಹೋಗಲಾ ಅಂತ ಕೇಳಿದ್ದೀರಿ. ಡಿಎಲ್, ವಾಟ್ಸಾಪ್ ಬಿಟ್ಟರೆ ಇದು ನನ್ನದೇ ಕಥೆ.

ಜಯನಗರದ ಕಡೆ ಒಂದು ಕಾಂಪ್ಲೆಕ್ಸ್. ಮೇಲೆ ಕಣ್ಣಿನ ಕ್ಲಿನಿಕ್. ನಮ್ಮ ಮಾವನವರನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದರೆ ಎಷ್ಟು ಹೊತ್ತಾಗುತ್ತದೆ ಅಂತ ಮನೆಯಲ್ಲಿ ಹಿರಿಯರು ಇರುವವರಿಗೆಲ್ಲ ಗೊತ್ತು. ಕೆಳಗೆ ಬಂದು ನೋಡಿದರೆ ಮುಂದಿನ ಚಕ್ರಕ್ಕೆ ಹಳದಿ ಲಾಕ್. ಅದು ಮೇಲಿನ ಯಾವುದೋ ಆಫೀಸಿಗೆ ಬಾಡಿಗೆಗೆ ಕೊಟ್ಟ ಜಾಗವಂತೆ. ಕಂಬದ ಮೇಲೆ ನಂಬರ್ ಬರೆದಿತ್ತು, ಅರ್ಧ ಬಣ್ಣ ಹೋಗಿತ್ತು. ಸೆಕ್ಯುರಿಟಿಯವರು ಬಂದು 1500 ಕೊಡಿ ಅಂದರು. ಯಾಕೆ, ಎಲ್ಲಿ ಬರೆದಿದೆ ಅಂತ ಕೇಳಿದೆ. "ಅವೆಲ್ಲಾ ನಂಗೊತ್ತಿಲ್ಲ ಮೇಡಂ, ಮ್ಯಾನೇಜರ್ ಹೇಳಿದ್ದು ಅಷ್ಟು" ಅಂದರು. ಮ್ಯಾನೇಜರ್ ಎಲ್ಲಿ? ಇಲ್ಲಿಲ್ಲ. ಫೋನ್ ನಂಬರ್? ಕೊಡಲ್ಲ. ಮಾವನವರು ಕಣ್ಣು ಬಿಡಲಾಗದೆ ಕಂಬ ಹಿಡಿದುಕೊಂಡು ನಿಂತಿದ್ದಾರೆ, "ಕೊಟ್ಟು ಬಾಮ್ಮ, ಹೋಗೋಣ" ಅನ್ನುತ್ತಿದ್ದಾರೆ. ಜೇಬಿನಿಂದ ಒಂದು ಕ್ಯೂಆರ್ ತೆಗೆದರು, ಸ್ಕ್ಯಾನ್ ಮಾಡಿದೆ, ಲಾಕ್ ತೆಗೆದರು.

ದುಡ್ಡು ಕೊಟ್ಟಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ವಯಸ್ಸಾದವರು ಜೊತೆಗಿದ್ದಾಗ ಯಾರಾದರೂ ಕೊಡುತ್ತಾರೆ. ನನಗೆ ಹೊಡೆತ ಬಿದ್ದಿದ್ದು ಅದಾದ ಮೇಲೆ, ಗೇಟಿನಲ್ಲಿ. ಅಲ್ಲಿದ್ದ ಇನ್ನೊಬ್ಬರು ಕೈ ಚಾಚಿದರು, ನಾನು ಚೀಟಿ ಕೊಟ್ಟುಬಿಟ್ಟೆ. ಫೋಟೊ ಕೂಡ ತೆಗೆಯಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ದಿನಾ ಇದನ್ನೇ ಮಾಡುತ್ತೇವೆ. ಆ ತುಂಡು ಕಾಗದದಲ್ಲಿ ಏನಿರುತ್ತದೆ? ಗಾಡಿ ನಂಬರ್. ಒಳಗೆ ಬಂದ ತಾರೀಖು, ಹೊತ್ತು. ಚೀಟಿಯ ಕ್ರಮಸಂಖ್ಯೆ. ಪಾರ್ಕಿಂಗ್ ಗುತ್ತಿಗೆ ಹಿಡಿದವರ ಹೆಸರು, ಎಷ್ಟೋ ಕಡೆ ಜಿಎಸ್‌ಟಿ ನಂಬರ್. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಷರತ್ತುಗಳು. ಅಂದರೆ ನಿಮಗೂ ಅವರಿಗೂ ಆದ ಕರಾರು ಅದೊಂದೇ. ನೀವು ಅಲ್ಲಿಗೆ ಹೋಗಿದ್ದಿರಿ ಅನ್ನುವುದಕ್ಕೆ, ದುಡ್ಡು ಕೊಟ್ಟು ಸೇವೆ ಪಡೆದ ಗ್ರಾಹಕರು ಅನ್ನುವುದಕ್ಕೆ, ಯಾವ ಷರತ್ತಿಗೆ ಒಪ್ಪಿದ್ದಿರಿ ಅನ್ನುವುದಕ್ಕೆ, ಯಾರ ಮೇಲೆ ದೂರು ಕೊಡಬೇಕು ಅನ್ನುವುದಕ್ಕೆ ನಮ್ಮ ಕೈಯಲ್ಲಿ ಸಾಮಾನ್ಯವಾಗಿ ಬೇರೆ ಸಾಕ್ಷಿ ಇರುವುದಿಲ್ಲ. ಅದನ್ನು ನಾವು ಗೇಟಿನಲ್ಲಿ ಎದುರು ಪಾರ್ಟಿಯ ಕೈಗೇ ಕೊಟ್ಟು ಬರುತ್ತೇವೆ.

ಮನೆಗೆ ಬಂದ ಮೇಲೆ ಕಾಂಪ್ಲೆಕ್ಸ್ ಆಫೀಸಿಗೆ ಫೋನ್ ಮಾಡಿದೆ. ಪಾರ್ಕಿಂಗ್ ನಮ್ಮದಲ್ಲ, ಗುತ್ತಿಗೆ ಕೊಟ್ಟಿದ್ದೇವೆ ಅಂದರು. ಗುತ್ತಿಗೆಯವರನ್ನು ಹುಡುಕಿ ಹಿಡಿದೆ. ನಮ್ಮ ಹುಡುಗರು ಯಾರೂ ಲಾಕ್ ಹಾಕುವುದಿಲ್ಲ ಅಂದರು. ಹಣ ಹೋದ ಖಾತೆಯ ಹೆಸರು ಹೇಳಿದೆ. ಆ ಹೆಸರಿನವರು ನಮ್ಮಲ್ಲಿ ಕೆಲಸಕ್ಕೇ ಇಲ್ಲ ಅಂದರು. ಯಾವ ದಿನ, ಚೀಟಿ ನಂಬರ್ ಎಷ್ಟು ಅಂತ ಕೇಳಿದಾಗ ನನ್ನ ಬಾಯಿ ಕಟ್ಟಿತು. ಕ್ಲಿನಿಕ್ ಬಿಲ್ ಇತ್ತು, ಆದರೆ ಅದು ಮಾವನವರು ಅಲ್ಲಿಗೆ ಬಂದಿದ್ದರು ಅಂತ ಹೇಳುತ್ತದೆಯೇ ಹೊರತು ನನ್ನ ಕಾರು ಆ ಬೇಸ್‌ಮೆಂಟಿನಲ್ಲಿತ್ತು ಅಂತ ಹೇಳುವುದಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟೆ. ಅವರು ಕಂಪನಿಗೆ ಕಳಿಸಿದರು, ಕಂಪನಿಯವರು "ಇವರು ನಮ್ಮ ಗ್ರಾಹಕರು ಅನ್ನುವುದಕ್ಕೆ ದಾಖಲೆ ಇಲ್ಲ" ಅಂತ ಬರೆದು ಕೈ ತೊಳೆದುಕೊಂಡರು. ಸಹಾಯವಾಣಿ ಕೋರ್ಟ್ ಅಲ್ಲ, ಮಧ್ಯೆ ನಿಂತು ಮಾತಾಡಿಸುತ್ತದೆ ಅಷ್ಟೆ. ಅಲ್ಲಿಗೇ ಮುಗಿಯಿತು.

ಹೊಟ್ಟೆ ಉರಿದು ಮತ್ತೊಂದು ದಿನ ಅಲ್ಲೇ ಗಾಡಿ ನಿಲ್ಲಿಸಿ ಹೊಸ ಚೀಟಿ ತಗೊಂಡು ಹಿಂದುಗಡೆ ಓದಿದೆ. ಚೀಟಿ ಕಳೆದರೆ 200 ರೂಪಾಯಿ, ಗಾಡಿ ಕಳುವಾದರೆ ನಾವು ಹೊಣೆಯಲ್ಲ, ಇಷ್ಟೇ ಇತ್ತು. ಲಾಕ್ ಹಾಕುತ್ತೇವೆ ಅಂತಾಗಲಿ 1500 ಅಂತಾಗಲಿ ಎಲ್ಲೂ ಇಲ್ಲ. ನನ್ನ ಹಳೆಯ ಚೀಟಿ ಇದ್ದಿದ್ದರೆ ಆ ಒಂದು ಕಾಗದ ಮೇಜಿನ ಮೇಲೆ ಇಟ್ಟು ಸುಮ್ಮನೆ ಕೂರಬಹುದಿತ್ತು.

ನಮ್ಮ ಬೀದಿಯಲ್ಲಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಒಬ್ಬರಿದ್ದಾರೆ. ಅವರ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. "ಕಾಗದ ಇಲ್ಲದೆ ಮೆಟ್ಟಿಲು ಹತ್ತಬೇಡಮ್ಮ, ನಿಜ ಇದ್ದರೂ ಸೋಲ್ತೀಯ" ಅಂದರು. ಆಮೇಲೆ ಕೂರಿಸಿಕೊಂಡು ವಿವರಿಸಿದರು. ಅದನ್ನು ನಾನು ಓದಿ ನೋಡಿಕೊಂಡಿದ್ದೇನೆ, ನಿಮಗೆ ಬೇಕಾದಷ್ಟು ಹೇಳುತ್ತೇನೆ.

ಪೊಲೀಸ್ ಕೇಸ್ ಅನ್ನುವ ಬೆದರಿಕೆಗೆ ನೀವು ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಂಚಾರ ದಂಡ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬರಬೇಕು. ಅದನ್ನು ಸ್ಥಳದಲ್ಲಿ ವಸೂಲಿ ಮಾಡುವ ಅಧಿಕಾರ ಸರ್ಕಾರ ಗೊತ್ತು ಮಾಡಿದ ಅಧಿಕಾರಿಗಳಿಗೆ ಮಾತ್ರ, ಅದು 200ನೇ ಕಲಮು. ಖಾಸಗಿ ಕಾಂಪ್ಲೆಕ್ಸ್‌ನ ಸೆಕ್ಯುರಿಟಿ ಆ ಪಟ್ಟಿಯಲ್ಲಿ ಬರುವುದಿಲ್ಲ. ಬೇರೆಯವರ ಜಾಗದಲ್ಲಿ ಕಾರು ನಿಲ್ಲಿಸಿದ್ದು ನಿಮ್ಮ ಮತ್ತು ಕಾಂಪ್ಲೆಕ್ಸ್‌ನವರ ನಡುವಿನ ದುಡ್ಡಿನ ತಕರಾರು. ಅವರು ಹಾಕಿದ ಸಾವಿರ ಪೊಲೀಸರ ಇ-ಚಲನ್‌ನಲ್ಲಿ ಬಂದು ಕೂರುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ.

ಹಾಗಂತ ಅವರಿಗೆ ಏನೂ ಕೊಡಬೇಕಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ನೀವು ಬೇರೆಯವರು ಬಾಡಿಗೆ ಕಟ್ಟುವ ಜಾಗದಲ್ಲಿ ನಿಲ್ಲಿಸಿದ್ದೀರಿ. ಆ ಮನುಷ್ಯ ಬಂದು ಗಾಡಿ ಎಲ್ಲಿ ನಿಲ್ಲಿಸಬೇಕು? ಅದಕ್ಕೊಂದು ಬೆಲೆ ಇದೆ. ಆದರೆ ಎಷ್ಟು ಅನ್ನುವುದು ಅವರ ಬಾಯಿಗೆ ಬಂದಷ್ಟಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮು ನೋಡಿ. ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆದಿದ್ದರೂ, ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತದೆ, ಬರೆದ ಮೊತ್ತವೇ ಅದರ ಮೇಲಿನ ಮಿತಿ. ಬರೆದೇ ಇಲ್ಲದಿದ್ದರೆ? ಆಗ ಸಾವಿರ ಎಲ್ಲಿಂದ ಬಂತು ಅಂತ ಅವರೇ ಹೇಳಬೇಕು. ಅದಕ್ಕೇ ಚೀಟಿಯ ಹಿಂಭಾಗ ಓದಿ ಅನ್ನುವುದು. ಗೇಟಿನ ಹತ್ತಿರ ಬೋರ್ಡ್ ಇದ್ದರೆ ಅದರ ಫೋಟೊನೂ ಇರಲಿ, ನಿಮಗೆ ವಿರುದ್ಧವಾಗಿದ್ದರೂ ಸರಿ.

ಇನ್ನೊಂದು, ಚೀಟಿಯಲ್ಲಿ ಅಚ್ಚಾಗಿದೆ ಅಂದ ಮಾತ್ರಕ್ಕೆ ಅದು ದೇವರ ಮಾತಲ್ಲ. ದೆಹಲಿಯ ಒಂದು ದೊಡ್ಡ ಹೋಟೆಲಿನಲ್ಲಿ 1998ರಲ್ಲಿ ನಿಲ್ಲಿಸಿಕೊಡಲು ಹೋಟೆಲಿನ ಸಿಬ್ಬಂದಿಗೆ (ವ್ಯಾಲೆಗೆ) ಕೊಟ್ಟ ಮಾರುತಿ ಝೆನ್ ಕಾರು ಕಳುವಾಯಿತು. ಚೀಟಿಯಲ್ಲಿ ಮಾಲೀಕರದೇ ಹೊಣೆ ಅಂತ ಬರೆದಿದ್ದೇವೆ ಅಂತ ಹೋಟೆಲಿನವರು ವಾದಿಸಿದರು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪೀಠದಲ್ಲಿದ್ದವರಲ್ಲಿ ಒಬ್ಬರು ನಮ್ಮ ಹಾವೇರಿ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಅದು ಕಳುವಿನ ಕೇಸು, ನಿಮ್ಮದಕ್ಕೆ ನೇರವಾಗಿ ಹೊಂದುವುದಿಲ್ಲ, ಆದರೆ ಚೀಟಿ ತೋರಿಸಿ ಹೆದರಿಸುವವರಿಗೆ ಉತ್ತರ ಇದೆ ಅಂತ ಗೊತ್ತಿರಲಿ.

ಗುಜರಾತ್ ಹೈಕೋರ್ಟ್ 2019ರಲ್ಲಿ ಮಾಲ್‌ಗಳು ಪಾರ್ಕಿಂಗ್ ಶುಲ್ಕ ತಗೊಳ್ಳುವಂತಿಲ್ಲ ಅಂದಿದ್ದನ್ನು ಯಾರಾದರೂ ನಿಮಗೆ ಫಾರ್ವರ್ಡ್ ಮಾಡಿಯೇ ಮಾಡುತ್ತಾರೆ. ತೀರ್ಪು ನಿಜ, ಆದರೆ ಅದು ಅಲ್ಲಿನ ನಿಯಮಗಳ ಮೇಲೆ ಬಂದದ್ದು. ಅದನ್ನು ಹಿಡಿದುಕೊಂಡು ಬೆಂಗಳೂರಿನ ಗೇಟಿನಲ್ಲಿ ಕೂಗಾಡಬೇಡಿ.

ಖಾಸಗಿಯವರ ದಂಡ ಕಡೆಗಣಿಸಿ ಅನ್ನುವ ಇಂಗ್ಲೆಂಡಿನ ಸಲಹೆ ಓದಿ ಸುಮ್ಮನಿದ್ದುಬಿಡಬೇಡಿ ಅಂತಲೂ ಹೇಳಬೇಕು. ನನ್ನ ತಮ್ಮ ಅಲ್ಲಿದ್ದಾನೆ. ಅಲ್ಲಿ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಲಾಕ್ ಹಾಕುವುದನ್ನೇ 2012ರಲ್ಲಿ ನಿಲ್ಲಿಸಿದರು. ಅದಕ್ಕೆ ಬದಲಾಗಿ ಕಂಪನಿಗಳು ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ವಿಳಾಸ ಸರ್ಕಾರದಿಂದ ಪಡೆದು ನೋಟಿಸ್ ಕಳಿಸಬಹುದು. ಚೆಲ್ಮ್ಸ್‌ಫರ್ಡ್ ಅನ್ನುವ ಊರಿನಲ್ಲಿ ಒಬ್ಬರು ಎರಡು ಗಂಟೆಯ ಉಚಿತ ಪಾರ್ಕಿಂಗ್‌ನಲ್ಲಿ 56 ನಿಮಿಷ ಜಾಸ್ತಿ ನಿಂತಿದ್ದಕ್ಕೆ ಹಾಕಿದ 85 ಪೌಂಡ್‌ಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಕಾಗದ, ಮೇಲ್ಮನವಿ, ಗಡುವು ಎಲ್ಲ ಇದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನೇ ಇಲ್ಲ, ಇರುವುದು ಲಾಕ್ ಮತ್ತು ಜೇಬಿನ ಕ್ಯೂಆರ್.

ಹಾಗಾಗಿ ಕಟ್ಟಿ ತಲೆನೋವು ಕಳೆದುಕೊಳ್ಳೋದಾ, ಕೋರ್ಟಿಗೆ ಹೋಗೋದಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಾವಿರ ರೂಪಾಯಿಗೆ ಯಾರೂ ಮೊದಲೇ ಕೋರ್ಟಿಗೆ ಓಡಬೇಕಾಗಿಲ್ಲ. ಸುಮ್ನೆ ಕಟ್ಟಿದರೆ ನಾಳೆ ಇನ್ನೊಬ್ಬರ ಚಕ್ರಕ್ಕೂ ಲಾಕ್ ಬೀಳುತ್ತದೆ. ಕೇಳಬೇಕಾದ್ದು ಒಂದೇ: ಕಂಪನಿಯ ಹೆಸರಿನಲ್ಲಿ ರಸೀದಿ ಕೊಡುತ್ತಾರಾ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಅಥವಾ ರಸೀದಿ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ರಸೀದಿ ಅಂದ ಕೂಡಲೇ ಸಾವಿರ ಐನೂರಾಗುತ್ತದೆ, ಐನೂರು ಇನ್ನೂರಾಗುತ್ತದೆ. ಇದನ್ನು ನಾನು ಆಮೇಲೆ ಕಣ್ಣಾರೆ ನೋಡಿದ್ದೇನೆ.

ಆ ವಾಟ್ಸಾಪ್ ಸಂದೇಶ ಅಳಿಸಬೇಡಿ. ಅದು ಅವರೇ ನಿಮಗೆ ಬರೆದುಕೊಟ್ಟ ಸಾಕ್ಷಿ, ನನಗೆ ಅಷ್ಟೂ ಸಿಕ್ಕಿರಲಿಲ್ಲ. ಅದಕ್ಕೇ ಉತ್ತರವಾಗಿ ಹೀಗೆ ಹಾಕಿ: "ನಿಮ್ಮ ಸಂದೇಶ ತಲುಪಿದೆ. ಸಾವಿರ ರೂಪಾಯಿ ಯಾವ ನಿಯಮದ ಮೇಲೆ, ಆ ನಿಯಮ ಎಲ್ಲಿ ಬರೆದಿತ್ತು, ಹಣ ಯಾವ ಕಂಪನಿಯ ಖಾತೆಗೆ ಹೋಗುತ್ತದೆ, ರಸೀದಿ ಕೊಡುತ್ತೀರಾ, ಇಷ್ಟನ್ನು ಬರೆದು ತಿಳಿಸಿ. ಗಾಡಿ ನಿಂತಷ್ಟು ಹೊತ್ತಿನ ಪಾರ್ಕಿಂಗ್ ಶುಲ್ಕ ಕೊಡಲು ನಾನು ಸಿದ್ಧ." ಕೊನೆಯ ಸಾಲು ಬಿಡಬೇಡಿ. ನೀವು ತಪ್ಪಿಸಿಕೊಳ್ಳುತ್ತಿಲ್ಲ ಅಂತ ನಾಳೆ ತೋರಿಸುವುದಕ್ಕೆ ಅದು ಬೇಕು.

ಸರಿಯಾದ ರಸೀದಿ ಕೊಟ್ಟು ನ್ಯಾಯವಾದ ಮೊತ್ತ ಕೇಳಿದರೆ ಕಟ್ಟಿ, ಹಠ ಬೇಡ. ಬಲವಂತದಿಂದ ಜಾಸ್ತಿ ಕೊಡಬೇಕಾಗಿ ಬಂದರೂ ಕಂಪನಿಯ ಖಾತೆಗೇ ಹಾಕಿ, ತಕರಾರಿನೊಂದಿಗೆ ಕಟ್ಟಿದ್ದೇನೆ ಅಂತ ಅದೇ ವಾಟ್ಸಾಪ್‌ನಲ್ಲಿ ಬರೆಯಿರಿ. ಆಮೇಲೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯವಿದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಹಾಕಬಹುದು. ಕೈಯಲ್ಲಿ ಚೀಟಿ ಇರುವ ನಿಮಗೆ ಇದು ಸಾಧ್ಯ.

ಸೆಕ್ಯುರಿಟಿಯವರ ಮೇಲೆ ಮಾತ್ರ ರೇಗಬೇಡಿ. ಹನ್ನೆರಡು ಗಂಟೆ ಹೊಗೆ ಕುಡಿದು ನಿಲ್ಲುವವರು ಅವರು, ಮೊತ್ತ ತೀರ್ಮಾನ ಮಾಡುವವರು ಬೇರೆ ಎಲ್ಲೋ ಕೂತಿರುತ್ತಾರೆ. ಅವರನ್ನೇ ಹುಡುಕಿ ಮಾತಾಡಿ.

ಇನ್ನು ಡಿಎಲ್. ದುಡ್ಡಿನ ಮಾತಿಗಿಂತ ಇದು ಮೊದಲು ಆಗಬೇಕು. ಡಿಎಲ್ ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗೆ ಮತ್ತು ಸರ್ಕಾರ ಅಧಿಕಾರ ಕೊಟ್ಟವರಿಗೆ, ಅದೇ ಮೋಟಾರು ವಾಹನ ಕಾಯ್ದೆಯ 206ನೇ ಕಲಮಿನಲ್ಲಿ, ಅದೂ ಸ್ವೀಕೃತಿ ಕೊಟ್ಟು. ಕಾಂಪ್ಲೆಕ್ಸ್‌ನವರು ಅಡವು ಇಟ್ಟುಕೊಳ್ಳುವ ವಸ್ತು ಅಲ್ಲ ಅದು. ನಾಳೆ ಬೆಳಗ್ಗೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ವಾಪಸ್ ಕೇಳಿ. ಕೊಡದಿದ್ದರೆ ಅಲ್ಲಿಂದಲೇ 112ಕ್ಕೆ ಫೋನ್ ಮಾಡಿ, ಹೊಯ್ಸಳ, ಅಂದರೆ ಪೊಲೀಸ್ ಗಸ್ತು ಗಾಡಿ, ಬರುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಆ ವ್ಯಾಪ್ತಿಯ ಠಾಣೆಯಲ್ಲಿ ದೂರು ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ಕಳೆದ ವಸ್ತುಗಳ ಬಗ್ಗೆ ಪೊಲೀಸರಿಗೆ ತಿಳಿಸುವ ಇ-ಲಾಸ್ಟ್‌ನಲ್ಲಿ ಕಳೆದುಹೋಗಿದೆ ಅಂತ ಹಾಕಿ ಡೂಪ್ಲಿಕೇಟ್ ಮಾಡಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಳೆದಿಲ್ಲ, ಎಲ್ಲಿದೆ ಅಂತ ನಿಮಗೆ ಗೊತ್ತು, ಪೊಲೀಸರಿಗೆ ಸುಳ್ಳು ಬರೆದುಕೊಟ್ಟರೆ ಇಲ್ಲಿಯವರೆಗೆ ನ್ಯಾಯವಾಗಿದ್ದ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ. ಅದು ಕೈಗೆ ಸಿಗುವವರೆಗೆ ಡಿಜಿಲಾಕರ್‌ನಲ್ಲಿರುವ ಡಿಎಲ್ ತೋರಿಸಿ ಗಾಡಿ ಓಡಿಸಬಹುದು, ಪೊಲೀಸರು ಅದನ್ನು ಒಪ್ಪುತ್ತಾರೆ.