ಕಚ್ಚಿಕೊಂಡ ಟೈ ರಾಡ್ ಎಂಡ್ ಬಿಡಿಸುವುದು ಹೇಗೆ?

ಪ್ರಶ್ನೆ: ನನ್ನದು ಸ್ಟೀರಿಂಗ್ ಬಾಕ್ಸ್ ಇರುವ ಹಳೆಯ ಕಾರು. ಸ್ಟೀರಿಂಗ್‌ನಲ್ಲಿ ಪ್ಲೇ (ಸಡಿಲು) ಜಾಸ್ತಿಯಾಗಿದೆ. ಟೈ ರಾಡ್ ಎಂಡ್‌ಗಳನ್ನು (ಸ್ಟೀರಿಂಗ್‌ನ ರಾಡನ್ನು ಚಕ್ರದ ಕಡೆಯ ಆರ್ಮ್‌ಗೆ ಸೇರಿಸುವ ಬಾಲ್ ಜಾಯಿಂಟ್‌ಗಳನ್ನು) ಬದಲಿಸಲು ಹೊರಟು, ಒಂದರ ನಟ್ ತೆಗೆದು, ಅದರಿಂದ ಹೊರಚಾಚಿದ ಥ್ರೆಡ್ ಇರುವ ಕಡ್ಡಿ, ಅಂದರೆ ಸ್ಟಡ್‌ನ ತುದಿಗೆ ಸುತ್ತಿಗೆಯಿಂದ ಹೊಡೆದೆ. ಜಪ್ಪಯ್ಯ ಅಂದರೂ ಕದಲಲಿಲ್ಲ, ಥ್ರೆಡ್ ಮಾತ್ರ ಜಜ್ಜಿಹೋಯಿತು. ಗ್ಯಾಸ್ ಟಾರ್ಚ್‌ನಿಂದ ಬಿಸಿ ಮಾಡಬಹುದೇ? ಸ್ಟೀರಿಂಗ್ ಬಾಕ್ಸ್‌ನ ಶಾಫ್ಟ್‌ಗೆ ಕೂತಿರುವ ಪಿಟ್‌ಮನ್ ಆರ್ಮನ್ನೂ ಹೀಗೇ ಬಿಚ್ಚಬೇಕೇ?

ಉತ್ತರ: ಮೊದಲು ಸುತ್ತಿಗೆ ಕೆಳಗಿಡಿ. ಆ ಸ್ಟಡ್ ನೇರ ಬೋಲ್ಟ್ ಅಲ್ಲ, ಬಾಲ್ ಕಡೆಯಿಂದ ನಟ್ ಕಡೆಗೆ ಸಣ್ಣದಾಗುತ್ತಾ ಹೋಗುವ ಟೇಪರ್. ಅದು ಕೂರುವ ಸ್ಟೀರಿಂಗ್ ಆರ್ಮ್‌ನ ಕಣ್ಣೂ (ತೂತೂ) ಅದೇ ಓರೆಯಲ್ಲಿ ಕೊರೆದದ್ದು. ನಟ್ ಬಿಗಿದಾಗ ಎರಡೂ ಬೆಣೆಯಂತೆ ಕಚ್ಚಿಕೊಳ್ಳುತ್ತವೆ. ನಟ್ ತೆಗೆದರೂ ಆ ಹಿಡಿತ ಬಿಡುವುದಿಲ್ಲ. ಸ್ಟಡ್‌ಗೆ ಹೊಡೆದ ಏಟಿನ ಬಹುಪಾಲು ಥ್ರೆಡ್ ಕೆಡಿಸುವುದಕ್ಕೇ ಖರ್ಚಾಗುತ್ತದೆ. ಹೊಡೆಯಬೇಕಾದದ್ದು ಸ್ಟಡ್‌ಗಲ್ಲ, ಕಣ್ಣಿನ ಪಕ್ಕಕ್ಕೆ.

ಬಿಸಿ ಮಾಡುವುದು ಬೇಡವೇ ಬೇಡ. ಒಳಗಿನ ಗ್ರೀಸ್ ಮತ್ತು ರಬ್ಬರ್ ಬೂಟ್ ಹೊತ್ತಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಬೆಂಕಿ ತಾಗಿದ ಆರ್ಮ್ ತನ್ನ ಹದ ಕಳೆದುಕೊಳ್ಳುತ್ತದೆ, ಹೊರಗಿನಿಂದ ನೋಡಿದರೆ ಅದು ತಿಳಿಯುವುದೂ ಇಲ್ಲ. ಸ್ಟೀರಿಂಗ್‌ನ ಭಾಗಗಳಿಗೆ ಟಾರ್ಚ್, ವೆಲ್ಡಿಂಗ್ ಎರಡೂ ನಿಷಿದ್ಧ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗವನ್ನು ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಡಿ. ಮರುದಿನ, ನಟ್ ತಾನಾಗಿ ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ, ಪೂರ್ತಿ ಕಳಚಬೇಡಿ. ಸ್ಟಡ್‌ನ ತುದಿಯ ಮಟ್ಟಕ್ಕೆ ಬಂದಾಗ ನಿಲ್ಲಿಸಿದರೆ ಥ್ರೆಡ್ ಉಳಿಯುತ್ತದೆ, ಜಾಯಿಂಟ್ ಬಿಟ್ಟಾಗ ರಾಡ್ ಕೈಮೇಲೆ ಬೀಳುವುದೂ ತಪ್ಪುತ್ತದೆ. ನಿಮ್ಮ ಆ ಜಜ್ಜಿದ ಥ್ರೆಡ್ಡನ್ನು ಅರದಿಂದ ತಿದ್ದಿಕೊಂಡು ನಟ್ ಮತ್ತೆ ಏರಿಸಿ.

ಈಗ ಸ್ಟಡ್ಡನ್ನು ಕಣ್ಣಿನಿಂದ ಒತ್ತಿ ಹೊರತಳ್ಳುವ ಸಲಕರಣೆಯಾದ ಬಾಲ್ ಜಾಯಿಂಟ್ ಪುಲ್ಲರ್ ಸಿಕ್ಕಿಸಿ ಸ್ಕ್ರೂ ಚೆನ್ನಾಗಿ ಬಿಗಿಯಿರಿ. ಹಾಗೆ ಎಳೆತದಲ್ಲಿರುವಾಗಲೇ ಆರ್ಮ್‌ನ ಕಣ್ಣಿನ ಒಂದು ಮಗ್ಗುಲಿಗೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದರಿಂದ ಗಟ್ಟಿಯಾಗಿ ಹೊಡೆಯಿರಿ. ಏಟಿಗೆ ಕಣ್ಣಿನ ದುಂಡು ಒಂದು ಕ್ಷಣ ಕೂದಲೆಳೆಯಷ್ಟು ಅಂಡಾಕಾರಕ್ಕೆ ತಿರುಗುತ್ತದೆ, ಹಿಡಿತ ಹರಿಯುತ್ತದೆ. ನಾಲ್ಕೈದು ಏಟಿಗೆ 'ಟಕ್' ಎಂದು ಜಾಯಿಂಟ್ ಕೆಳಗಿಳಿದರೆ ಕೆಲಸವಾಯಿತು. ಬಿಡದಿದ್ದರೆ ಪುಲ್ಲರ್ ಇನ್ನಷ್ಟು ಬಿಗಿದು ಮತ್ತೆ ಹೊಡೆಯಿರಿ. ಆದರೆ ಆರ್ಮ್ ಅಲ್ಯೂಮಿನಿಯಂದೋ ಬೀಡು ಕಬ್ಬಿಣದ್ದೋ ಆಗಿದ್ದರೆ ಏಟು ಬೇಡ, ಪುಲ್ಲರ್ ಒಂದೇ ಸಾಕು. ಕವಲುಳ್ಳ ಬೆಣೆಯನ್ನು ಬಡಿದು ಕೂರಿಸಿದರೂ ಜಾಯಿಂಟ್ ಬಿಡುತ್ತದೆ, ಆದರೆ ರಬ್ಬರ್ ಬೂಟ್ ಹರಿಯುವುದು ಬಹುತೇಕ ಖಚಿತ. ಹೇಗೂ ಎಸೆಯುವ ಜಾಯಿಂಟಿಗೆ ಮಾತ್ರ ಅದನ್ನು ಬಳಸಿ.

ಕೆಲವೊಮ್ಮೆ ನಟ್ ಜತೆಗೆ ಸ್ಟಡ್ಡೂ ಗಿರಗಿರ ತಿರುಗುತ್ತದೆ. ಆಗ ಜಾಯಿಂಟ್‌ನ ತಳಕ್ಕೆ ಚಿಕ್ಕ ಜಾಕ್ ಕೊಟ್ಟು ಟೇಪರ್ ಕಚ್ಚುವಂತೆ ಒತ್ತಿದರೆ ಸ್ಟಡ್ ನಿಲ್ಲುತ್ತದೆ.

ಎಂಡನ್ನು ರಾಡ್‌ನಿಂದ ತಿರುಗಿಸಿ ತೆಗೆಯುವ ಮೊದಲು ಎರಡೂ ತುದಿಯ ಬಾಲ್‌ಗಳ ಮಧ್ಯದಿಂದ ಮಧ್ಯಕ್ಕೆ ಅಳೆದು ಬರೆದಿಡಿ. ತೆಗೆಯುವಾಗ ಸುತ್ತುಗಳನ್ನು ಎಣಿಸಿ, ಅರ್ಧ ಸುತ್ತನ್ನೂ ಬಿಡಬೇಡಿ. ರಾಡ್‌ನ ಉದ್ದ ಹೊಂದಿಸುವ ಕೊಳವೆ (ಅಡ್ಜಸ್ಟರ್ ಸ್ಲೀವ್) ಇರುವ ಕಡೆ ಒಂದು ತುದಿ ಎಡ ಥ್ರೆಡ್ ಆಗಿರುತ್ತದೆ. ಇದು ಗೊತ್ತಿಲ್ಲದೆ ಬಿಚ್ಚುತ್ತಿದ್ದೇವೆಂದುಕೊಂಡು ಬಿಗಿಯುತ್ತಲೇ ಹೋಗುವವರು ಬಹಳ.

ಪಿಟ್‌ಮನ್ ಆರ್ಮ್‌ನ ವಿಷಯ ಬೇರೆಯೇ. ಅದು ಬಾಕ್ಸ್‌ನಿಂದ ಹೊರಬಂದ ಶಾಫ್ಟ್‌ನ ಹಲ್ಲುಗಳ ಮೇಲೆ ಕೂತಿರುತ್ತದೆ. ಅಲ್ಲಿ ಸುತ್ತಿಗೆ ಎತ್ತಿದರೆ ಏಟು ನೇರವಾಗಿ ಬಾಕ್ಸ್‌ನೊಳಗಿನ ಗೇರ್, ಬೇರಿಂಗ್‌ಗಳಿಗೆ ಹೋಗುತ್ತದೆ. ಚಕ್ರ ನೇರ ಮಾಡಿ, ಶಾಫ್ಟ್ ಮತ್ತು ಆರ್ಮ್ ಎರಡರ ಮೇಲೂ ಒಂದೇ ಗೆರೆಯಲ್ಲಿ ಸೆಂಟರ್ ಪಂಚ್‌ನಿಂದ ಗುರುತು ಹಾಕಿ. ಒಂದು ಹಲ್ಲು ಆಚೀಚೆ ಕೂತರೂ ಸ್ಟೀರಿಂಗ್ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ನಟ್‌ನ ಕೆಲವು ಸುತ್ತು ಥ್ರೆಡ್ ಮೇಲೆ ಉಳಿಸಿಯೇ ಪಿಟ್‌ಮನ್ ಪುಲ್ಲರ್ ಬಿಗಿಯಿರಿ, ಅದು ಬಿಟ್ಟಾಗ ಸಿಡಿದಂತೆ ಬಿಡುತ್ತದೆ. ಲಿಂಕೇಜ್ (ಬಾಕ್ಸ್‌ನಿಂದ ಚಕ್ರಗಳಿಗೆ ಹೋಗುವ ರಾಡ್‌ಗಳ ಜೋಡಣೆ) ಕಳಚಿರುವಾಗ ಸ್ಟೀರಿಂಗ್ ಚಕ್ರವನ್ನು ಕೊನೆಯವರೆಗೆ ರಭಸದಿಂದ ತಿರುಗಿಸಬೇಡಿ. ಬಾಲ್‌ಗಳು ಸುತ್ತುವ ಬಗೆಯ ಬಾಕ್ಸ್‌ಗಳಲ್ಲಿ ಒಳಗಿನ ಬಾಲ್ ಗೈಡ್‌ಗಳು ಜಖಂ ಆಗುತ್ತವೆ.

ಜೋಡಿಸುವಾಗ ಟೇಪರ್ ಎರಡೂ ಕಡೆ ಒರೆಸಿ ಒಣಗಿರಲಿ, ಗ್ರೀಸ್ ಹಚ್ಚಬೇಡಿ. ಕಣ್ಣು ಸವೆದು ಮೊಟ್ಟೆಯಾಕಾರವಾಗಿದ್ದರೆ ಆರ್ಮ್ ಬದಲಿಸಲೇಬೇಕು. ನಟ್ಟನ್ನು ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನ ಟಾರ್ಕಿಗೆ ಬಿಗಿದು, ಪಿನ್‌ನ ತೂತು ಸೇರದಿದ್ದರೆ ಇನ್ನಷ್ಟು ಮುಂದಕ್ಕೇ ತಿರುಗಿಸಿ. ತೂತು ಸೇರಲೆಂದು ಹಿಂದಕ್ಕೆ ಸಡಿಲಿಸಿದರೆ ಟೇಪರ್ ಕಣ್ಣಿನೊಳಗೆ ಆಡತೊಡಗುತ್ತದೆ. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ. ಹೊಸ ಎಂಡನ್ನು ಎಣಿಸಿದಷ್ಟೇ ಸುತ್ತು ತಿರುಗಿಸಿ ಕೂರಿಸಿದರೆ, ಗಾಡಿಯನ್ನು ಅಲೈನ್‌ಮೆಂಟ್‌ವರೆಗೆ ನಿಧಾನವಾಗಿ ಒಯ್ಯಲು ಅಷ್ಟು ಸಾಕು. ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಳಕ್ಕೆ ವಾಲಿರುವ ಪ್ರಮಾಣ) ಅಳೆದು ಸರಿಪಡಿಸದೆ ಓಡಾಡಿದರೆ ಟೈರ್‌ನ ಅಂಚು ಬೇಗ ಸವೆಯುತ್ತದೆ.