ಬಿಟ್ಟಿ ಸಿಕ್ಕಿದ್ದೆಲ್ಲ ನಮ್ಮದಲ್ಲ

ಆನ್‌ಲೈನ್ ಕೋರ್ಸು, ಮುಕ್ತ ಪಾಠ ಸಾಮಗ್ರಿ: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಸ್ವಯಂನಲ್ಲಿ ಕೋರ್ಸು ಉಚಿತ ಅಂದರು, ಸೇರಿದೆ. ಈಗ ಸರ್ಟಿಫಿಕೇಟ್ ಬೇಕಾದರೆ ದುಡ್ಡು ಕಟ್ಟಬೇಕು ಅಂತ ಗೊತ್ತಾಯಿತು. ಇದು ಮೋಸ ಅಲ್ವಾ? ಕಟ್ಟಿದರೂ ಕಾಲೇಜಿನವರು ಒಪ್ಪುತ್ತಾರಾ?
(ವಿದ್ಯಾರ್ಥಿ, ಹಾವೇರಿ)

ಉತ್ತರ: ಮೋಸ ಅಲ್ಲಪ್ಪ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಸ್ವಯಂ ಎನ್ನುವುದು ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ವೇದಿಕೆ. ವಿಡಿಯೊ ನೋಡಲು, ಟಿಪ್ಪಣಿ ಓದಲು, ವಾರವಾರದ ಅಸೈನ್‌ಮೆಂಟ್ ಬರೆಯಲು ಒಂದು ಪೈಸೆಯೂ ಬೇಡ. ಆದರೆ ಸರ್ಟಿಫಿಕೇಟಿನ ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ. ಕೇಂದ್ರಕ್ಕೆ ಹೋಗಬೇಕು, ಅಲ್ಲಿ ಮೇಲ್ವಿಚಾರಕರು ಇರುತ್ತಾರೆ. ಶುಲ್ಕ ಅದಕ್ಕೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್ ಕೋರ್ಸುಗಳೂ ಸ್ವಯಂನಲ್ಲೇ ಇವೆ. ಅವುಗಳಲ್ಲಿ ಅಂಕ ಬರುವ ಬಗೆ ಹೀಗಿದೆ: ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬರಲೇಬೇಕು. 12 ವಾರದ ಕೋರ್ಸಾದರೆ ನೀವು ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮನೆಯಲ್ಲಿ ಮದುವೆಯೋ ಊರಲ್ಲಿ ಜಾತ್ರೆಯೋ ಬಂದು ಒಂದೆರಡು ವಾರ ತಪ್ಪಿದರೆ ಗಾಬರಿ ಬೇಡ.

ಇನ್ನು ಕಾಲೇಜಿನ ವಿಚಾರ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಿ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. 'ಕೊಡಬಹುದು' ಅಂದೆ, ಗಮನಿಸಿ. ನೀವು ಆರಿಸಿದ ಕೋರ್ಸು ನಿಮ್ಮ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಇರಬೇಕು. ಹಾಗಾಗಿ ದುಡ್ಡು ಕಟ್ಟುವ ಮೊದಲು ಕಾಲೇಜಿನಲ್ಲಿ ಸ್ವಯಂ ನೋಡಿಕೊಳ್ಳುವ ಮೇಷ್ಟ್ರನ್ನು ಹುಡುಕಿ, ಕೋರ್ಸಿನ ಹೆಸರು ತೋರಿಸಿ ಕೇಳಿ. ಬಾಯಿಮಾತು ಸಾಲದು, ಬರಹದಲ್ಲಿ ತಗೊಳ್ಳಿ. ಇನ್ನೊಂದು ಮಾತು: ಕೋರ್ಸಿಗೆ ಸೇರುವುದೇ ಬೇರೆ, ಪರೀಕ್ಷೆಗೆ ಹೆಸರು ಹಚ್ಚುವುದೇ ಬೇರೆ. ಎರಡಕ್ಕೂ ಬೇರೆ ಬೇರೆ ಕೊನೆಯ ದಿನ. ಇಲ್ಲಿ ಎಡವುವವರೇ ಜಾಸ್ತಿ.

ಸರ್ಟಿಫಿಕೇಟ್ ಬೇಡ, ವಿಷಯ ಕಲಿತರೆ ಸಾಕು ಅನ್ನುವುದಾದರೆ ಒಂದು ರೂಪಾಯಿಯೂ ಕೊಡಬೇಡಿ. ಆದರೆ ದುಡ್ಡು ಕಟ್ಟಿಲ್ಲದ ಕೋರ್ಸನ್ನು ಅರ್ಧಕ್ಕೆ ಬಿಡುವುದು ಬಲು ಸುಲಭ. ನಾನೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಕೋರ್ಸಿಗೆ ಮೂರು ಸಲ ಸೇರಿ, ಮೂರು ಸಲವೂ ಎರಡನೇ ವಾರಕ್ಕೇ ಕೈಬಿಟ್ಟವನು. ನಾಲ್ಕನೇ ಸಲ ಪರೀಕ್ಷೆ ಶುಲ್ಕ ಕಟ್ಟಿದೆ, ಕೋರ್ಸು ಮುಗಿಯಿತು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಕ್ಕ ಚಿತ್ರ, ಇಂಗ್ಲಿಷ್ ಟಿಪ್ಪಣಿ ಎಲ್ಲ ಸೇರಿಸಿ, ಕನ್ನಡಕ್ಕೆ ತಂದು ನೋಟ್ಸ್ ಮಾಡಿದ್ದೇನೆ. ಶಿಕ್ಷಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದಾಗ ಒಬ್ಬರು "ಮೇಡಂ, ಇದಕ್ಕೆ ಕಾಪಿರೈಟ್ ಇರುತ್ತೆ" ಅಂದರು. ಮುಂದೆ ಪುಸ್ತಕ ಮಾಡಿ ಹಂಚುವ ಆಸೆ ಇದೆ. ತಪ್ಪಾಗುತ್ತಾ?
(ಶಿಕ್ಷಕಿ, ಚಾಮರಾಜನಗರ ಜಿಲ್ಲೆ)

ಉತ್ತರ: ಮೇಡಂ, ನಿಮ್ಮ ಸಹೋದ್ಯೋಗಿ ಹೇಳಿದ್ದು ಅರ್ಧ ಸರಿ.

ತರಗತಿಯೊಳಗೆ ನಿಮಗೆ ಭಯ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಪಾಠ ಮಾಡುವಾಗ ಶಿಕ್ಷಕರು, ವಿದ್ಯಾರ್ಥಿಗಳು ಬೇರೆಯವರ ಕೃತಿಯನ್ನು ನಕಲು ಮಾಡಿಕೊಳ್ಳಲು ಬಿಡುತ್ತದೆ. ದಿಲ್ಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಪ್ರಕಾಶಕರೇ ಕೇಸು ಹಾಕಿದ್ದರು. ಪುಸ್ತಕದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ, ಬೈಂಡ್ ಮಾಡಿ ಹುಡುಗರಿಗೆ ಕೊಡುತ್ತಾರೆ ಎಂದು ದೂರು. 2016ರಲ್ಲಿ ದಿಲ್ಲಿ ಹೈಕೋರ್ಟು ಪಾಠಕ್ಕೆ ಬೇಕಾದ ನಕಲಿನ ಪರವಾಗಿ ನಿಂತಿತು.

ಆದರೆ ಪುಸ್ತಕ ಮಾಡಿ ಊರಿಗೆಲ್ಲ ಹಂಚಿದಾಗ ನೀವು ತರಗತಿಯಿಂದ ಹೊರಗೆ ಬಂದಹಾಗೆ. ಅಲ್ಲಿ 'ಉಚಿತ' ಬೇರೆ, 'ಮುಕ್ತ' ಬೇರೆ. ದೇವಸ್ಥಾನದ ಸಂತರ್ಪಣೆಯಲ್ಲಿ ಕೂತು ಹೊಟ್ಟೆ ತುಂಬ ಉಣ್ಣಬಹುದು, ಯಾರೂ ಬೇಡ ಅನ್ನುವುದಿಲ್ಲ. ಕೊಳದಪ್ಪಲೆ ಹೊತ್ತುಕೊಂಡು ಬಂದು ಬೀದಿಯಲ್ಲಿ ಬಡಿಸಲು ನಿಂತರೆ ಕೇಳುತ್ತಾರೆ. ಉಚಿತ ಅಂದರೆ ಅದು. ಮುಕ್ತ ಅಂದರೆ ಪಕ್ಕದ ಹೊಲದವರು ಕೊಟ್ಟ ಬಿತ್ತನೆ ಬೀಜ ಇದ್ದಹಾಗೆ. ಬಿತ್ತಿ, ಬೆಳೆಯಿರಿ, ಮತ್ತೊಬ್ಬರಿಗೂ ಕೊಡಿ.

ಯಾವುದು ಬೀಜ, ಯಾವುದು ಬರೀ ಊಟ ಎಂದು ಗುರುತಿಸಲು ಪುಟದ ಅಡಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್, ಅಂದರೆ ಮಾಡಿದವರೇ ಷರತ್ತು ಹೇಳಿ ಮೊದಲೇ ಕೊಟ್ಟ ಅನುಮತಿ, ಇದೆಯೇ ನೋಡಿ. 2002ರಲ್ಲಿ ಬಂದ ಪದ್ಧತಿ ಇದು. ಸಿಸಿ ಎಂಬ ಗುರುತಿನ ಪಕ್ಕ ಎರಡೆರಡು ಅಕ್ಷರಗಳಿರುತ್ತವೆ. ಬಿವೈ ಇದ್ದರೆ ಮಾಡಿದವರ ಹೆಸರು ಹಾಕಿ. ಎಸ್‌ಎ ಇದ್ದರೆ ನೀವು ತಿದ್ದಿ ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಕೊನೆಯದು ಎನ್‌ಡಿ. ಕನ್ನಡದ ಮೇಷ್ಟ್ರುಗಳು ಸಿಕ್ಕಿಬೀಳುವುದು ಇಲ್ಲೇ. ಎನ್‌ಡಿ ಅಂದರೆ ಬದಲಾಯಿಸಿ ಹಂಚಬೇಡಿ ಎಂದು ಅರ್ಥ, ಅನುವಾದವೂ ಬದಲಾವಣೆಯೇ. ಇಂಗ್ಲಿಷ್ ಪಾಠವನ್ನು ಇದ್ದಹಾಗೇ ಹಂಚಬಹುದು. ಕನ್ನಡ ಮಾಡಿ ಹಂಚಲು ಆಗುವುದಿಲ್ಲ. ನಮಗೆ ಬೇಕಾದ್ದು ಕನ್ನಡವೇ ಆದ್ದರಿಂದ, ಎನ್‌ಡಿ ಕಂಡರೆ ನಾನು ಆ ಪುಟ ಮುಚ್ಚಿಬಿಡುತ್ತೇನೆ.

ಇನ್ನೊಂದು ತೊಡಕು. ವಿಕಿಪೀಡಿಯ ಬಿವೈ-ಎಸ್‌ಎ. ಖಾನ್ ಅಕಾಡೆಮಿ ಎಂಬ ಜಾಲತಾಣದ ಪಾಠಗಳಿಗೂ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಜಾಲದಲ್ಲಿ ಹಾಕಿರುವ ಓಪನ್‌ಕೋರ್ಸ್‌ವೇರ್‌ಗೂ ಎನ್‌ಸಿ ಸೇರಿದೆ. ಮೊದಲನೆಯದು ವ್ಯಾಪಾರಕ್ಕೂ ಸರಿ ಅನ್ನುತ್ತದೆ, ಉಳಿದವು ಬೇಡ ಅನ್ನುತ್ತವೆ. ಎರಡನ್ನೂ ಕಲಸಿ ಒಂದೇ ಪಾಠ ಮಾಡಿದರೆ ಯಾವ ಷರತ್ತು ಪಾಲಿಸುತ್ತೀರಿ? ಯಾವುದೂ ಹೊಂದುವುದಿಲ್ಲ.

ಲೈಸೆನ್ಸೇ ಕಾಣದಿದ್ದರೆ ಎಲ್ಲ ಹಕ್ಕೂ ಮಾಡಿದವರದ್ದೇ ಎಂದು ತಿಳಿಯಿರಿ. ಗೂಗಲ್‌ನಲ್ಲಿ ಸಿಕ್ಕಿತು ಅನ್ನುವುದು ಲೆಕ್ಕಕ್ಕಿಲ್ಲ. ಹಾಗಂತ ವಿಜ್ಞಾನಕ್ಕೇ ಕಾಪಿರೈಟ್ ಇರುವುದಿಲ್ಲ. ದ್ಯುತಿಸಂಶ್ಲೇಷಣೆ ಹೇಗೆ ನಡೆಯುತ್ತದೆ ಎನ್ನುವುದು ಯಾರಪ್ಪನ ಮನೆಯ ಆಸ್ತಿಯೂ ಅಲ್ಲ. ಅದನ್ನು ವಿವರಿಸಿದ ವಾಕ್ಯಗಳು, ಬರೆದ ಚಿತ್ರ, ಇವು ಮಾತ್ರ ಇನ್ನೊಬ್ಬರವು. ಹಾಗಾಗಿ ನಿಮ್ಮ ನೋಟ್ಸನ್ನು ಪುಟಪುಟವಾಗಿ ನೋಡುತ್ತಾ ಬನ್ನಿ. ಮೂಲ ಗೊತ್ತಿಲ್ಲದ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು, ನೀವು ಹುಡುಗರಿಗೆ ಹೇಳುವ ಹಾಗೇ ಬರೆಯಿರಿ. ಚಿತ್ರವನ್ನು ಬೋರ್ಡಿನ ಮೇಲೆ ನೀವೇ ಬರೆದು ಫೋಟೊ ತೆಗೆದರೂ ನಡೆಯುತ್ತದೆ. ನನ್ನ ಕೇಳಿದರೆ ಅದೇ ಚೆನ್ನ.

ತೆಗೆದುಕೊಳ್ಳಬಹುದಾದ್ದೂ ಕಡಿಮೆಯೇನಿಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ವಿಕಿಯಲ್ಲಿ ನಮ್ಮ ಶಿಕ್ಷಕರೇ ಬರೆದ ಪಾಠಗಳಿವೆ. ಕೆಲವು ಪುಟ ಸೊಗಸಾಗಿವೆ, ಕೆಲವು ಅರ್ಧಕ್ಕೇ ನಿಂತಿವೆ. ಅರ್ಧಕ್ಕೆ ನಿಂತದ್ದನ್ನು ನೀವೇ ಮುಂದುವರಿಸಬಹುದಲ್ಲ! ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರ, ಕಂಪ್ಯೂಟರಿನಲ್ಲೇ ಮಾಡಿ ನೋಡುವ ಫೆಟ್ ಪ್ರಯೋಗಗಳಲ್ಲಿ ಕೆಲವು ಕನ್ನಡದಲ್ಲೂ ಇವೆ. ವಿದ್ಯುತ್ ಮಂಡಲವನ್ನು ಪರದೆಯ ಮೇಲೆ ಜೋಡಿಸಿ ಬಲ್ಬು ಹೊತ್ತಿಸಿದಾಗ ಹುಡುಗರ ಮುಖ ನೋಡಬೇಕು. ಚಿಕ್ಕ ತರಗತಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಮಕ್ಕಳ ಕತೆಗಳ ಜಾಲತಾಣ ಇದೆ. ಕನ್ನಡದ ಕತೆ ಬೇಕಾದಷ್ಟು, ಅನುವಾದಕ್ಕೂ ಬಾಗಿಲು ತೆರೆದಿದೆ.

ಇವುಗಳಿಂದ ಏನೇ ತೆಗೆದುಕೊಂಡರೂ ಕೆಳಗೆ ಒಂದು ಸಾಲು ಬರೆಯಿರಿ: ಪಾಠದ ಹೆಸರು, ಮಾಡಿದವರು, ಸಿಕ್ಕ ಜಾಗ, ಲೈಸೆನ್ಸ್. ಅನುವಾದ ನಿಮ್ಮದಾದರೆ ಅದನ್ನೂ ಹೇಳಿ. 'ಕೃಪೆ: ಅಂತರ್ಜಾಲ' ಎಂದು ಬರೆಯುವ ಅಭ್ಯಾಸ ನಮ್ಮಲ್ಲಿದೆ. ಅದು 'ಸಾಲ ಕೊಟ್ಟವರು: ಊರಿನವರು' ಅಂದಹಾಗೆ, ಉಪಯೋಗವಿಲ್ಲ.

ಪ್ರಶ್ನೆ: ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಸ್ವಸಹಾಯ ಸಂಘದ ಲೆಕ್ಕ ಕಂಪ್ಯೂಟರಿನಲ್ಲಿ ಬರೆಯಲು ಕಲಿಯಬೇಕು. ಕನ್ನಡದಲ್ಲಿ ಏನಾದರೂ ಇದೆಯಾ?
(ಗೃಹಿಣಿ, ಸಿಂಧನೂರು)

ಉತ್ತರ: ಇದೆಯಮ್ಮ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಹತ್ತು ನಿಮಿಷದ ಆಸುಪಾಸಿನ ವಿಡಿಯೊಗಳು, ಹಲವಕ್ಕೆ ಕನ್ನಡದ ಧ್ವನಿ ಇದೆ. ನಿಮಗೆ ಬೇಕಾದ್ದು ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಲೆಕ್ಕ ಬರೆಯುವ ತಂತ್ರಾಂಶ. ಎಕ್ಸೆಲ್ ಥರದ್ದೇ, ಆದರೆ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಅರ್ಧ ಪರದೆಯಲ್ಲಿ ವಿಡಿಯೊ, ಇನ್ನರ್ಧದಲ್ಲಿ ಕ್ಯಾಲ್ಕ್ ತೆರೆದಿಟ್ಟುಕೊಳ್ಳಿ. ಅವರು ಒಂದು ಹೆಜ್ಜೆ ಹೇಳಿದ ಕೂಡಲೇ ವಿಡಿಯೊ ನಿಲ್ಲಿಸಿ, ನೀವೂ ಮಾಡಿ. ಸುಮ್ನೆ ನೋಡುತ್ತಾ ಕೂತರೆ ಎಲ್ಲ ಅರ್ಥವಾದಹಾಗೆ ಅನ್ನಿಸುತ್ತದೆ, ಮರುದಿನ ಕೈ ಓಡುವುದಿಲ್ಲ. ಮೊದಲ ವಾರವೇ ಸಂಘದ ನಿಜವಾದ ಲೆಕ್ಕ ಹಾಕಿ ನೋಡಿ. ಪುಸ್ತಕದ ಲೆಕ್ಕವನ್ನು ಮಾತ್ರ ಮೂರು ತಿಂಗಳಾದರೂ ಜೊತೆಗೇ ಬರೆಯುತ್ತಿರಿ.

ಪ್ರಶ್ನೆ: ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಮಗಳ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಇದ್ದೂ ಇಲ್ಲದಹಾಗೆ. ಏನು ಮಾಡಲಿ?
(ಪೋಷಕರು, ಹೊಸನಗರ)

ಉತ್ತರ: ಪುಸ್ತಕವನ್ನು ಪೇಟೆಗೆ ಕರೆದುಕೊಂಡು ಹೋಗಿ! ತಮಾಷೆಯಲ್ಲ. ಆ ಕೋಡ್ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ತೆರೆಯುತ್ತದೆ. ಸಂತೆಯ ದಿನ ಸಿಗ್ನಲ್ ಇರುವ ಕಡೆ ನಿಂತು ಆ ತಿಂಗಳ ಪಾಠಗಳ ಕೋಡ್ ಸ್ಕ್ಯಾನ್ ಮಾಡಿ, ಡೌನ್‌ಲೋಡ್ ಒತ್ತಿ. ಮನೆಯಲ್ಲಿ ನೆಟ್ ಇಲ್ಲದಿದ್ದರೂ ಓಡುತ್ತದೆ. ಹೊರಡುವ ಮೊದಲು ಫೋನಿನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಗುಡ್ ಮಾರ್ನಿಂಗ್ ವಿಡಿಯೊಗಳನ್ನು ಅಳಿಸಿದರೇ ಎರಡು ಪಾಠಕ್ಕಾಗುವಷ್ಟು ಜಾಗ ಸಿಗಬಹುದು.